ಕುಣಿತ ಬಂದರೆ ಲೈವ್ ಒಡೆಯುತ್ತದೆ, ಏನು ಮಾಡೋದು?

ಪ್ರಶ್ನೆ: ಊರ ದೇವಸ್ಥಾನದ ಬಯಲಲ್ಲಿ ವರ್ಷವೂ ಯಕ್ಷಗಾನ ಆಡಿಸುತ್ತೇವೆ. ಬೆಂಗಳೂರಲ್ಲಿರುವ ನಮ್ಮವರಿಗಾಗಿ ಯೂಟ್ಯೂಬ್ ಲೈವ್ ಬಿಡುತ್ತೇವೆ. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ 20, ಅಪ್‌ಲೋಡ್ 2 ಎಂಬಿಪಿಎಸ್. ಲೈವ್ ಕಳಿಸುವ ಓಬಿಎಸ್ ಸಾಫ್ಟ್‌ವೇರ್‌ನಲ್ಲಿ 1080ಪಿ, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) 4500 ಕೆಬಿಪಿಎಸ್ ಇಟ್ಟಿದ್ದೇವೆ. ನಿಂತು ನಿಂತು ಬರುತ್ತದೆ, ಕುಣಿತ ಶುರುವಾದರೆ ವೇಷವೆಲ್ಲ ಚೌಕ ಚೌಕ. ಹೊಸ ಕ್ಯಾಮೆರಾ ತಗೊಳ್ಳಬೇಕಾ?
— ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಬೇಡ ಮಾರಾಯ್ರೆ, ದುಡ್ಡು ಉಳಿಸಿ. 4500 ಅಂದರೆ ನಾಲ್ಕೂವರೆ ಎಂಬಿಪಿಎಸ್, ಲೈವ್ ಹೋಗುವುದು ಅಪ್‌ಲೋಡ್‌ನಲ್ಲಿ, ನಿಮ್ಮ ಲೈನಿನ ಅಪ್‌ಲೋಡ್ ಹೊರುವುದು ಎರಡೇ. ಹಿಡಿಸದ್ದನ್ನು ಓಬಿಎಸ್ ಬಿಸಾಕುತ್ತದೆ, ಕೆಳಗೆ ಡ್ರಾಪ್ಡ್ ಫ್ರೇಮ್ಸ್ ಅಂತ ಏರುತ್ತದಲ್ಲ, ಅದೇ ಲೆಕ್ಕ. ಡೌನ್‌ಲೋಡ್ 20 ಇದ್ದು ಲೈವ್‌ಗೆ ಏನೂ ಉಪಯೋಗವಿಲ್ಲ.

ಬಿಟ್‌ರೇಟ್ ವಿಡಿಯೋಗೆ 1200, ಆಡಿಯೋಗೆ 128 ಇಡಿ. ಉಳಿದದ್ದು ಲೈನ್ ಏರುಪೇರಾದಾಗ ಬೇಕಾಗುತ್ತದೆ. ಸೈಜನ್ನು 480ಪಿಗೆ ಇಳಿಸಿ. 1200ರಲ್ಲಿ 1080ಪಿ ಕಳಿಸುವುದು ಒಂದು ಸೇರು ಅಕ್ಕಿಯಲ್ಲಿ ನೂರು ಎಲೆಗೆ ಬಡಿಸಿದ ಹಾಗೆ. ಸಿಬಿಆರ್ (ಬಿಟ್‌ರೇಟ್ ಒಂದೇ ಸಮ), ಕೀಫ್ರೇಮ್ (ಇಡೀ ಚಿತ್ರ ಕಳಿಸುವ ಫ್ರೇಮ್) 2 ಸೆಕೆಂಡಿಗೊಮ್ಮೆ, ಸೆಕೆಂಡಿಗೆ ಫ್ರೇಮ್ 25 ಸಾಕು. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಕ್ಯಾಮೆರಾ ಶಟರ್ 1/50 ಇಟ್ಟರೆ ಲೈಟ್ ಮಿನುಗುವುದೂ ತಪ್ಪುತ್ತದೆ. ಲ್ಯಾಪ್‌ಟಾಪ್‌ಗೆ ತಾಳುವ ಶಕ್ತಿ ಇದ್ದರೆ, ವಿಡಿಯೋ ಕುಗ್ಗಿಸುವ ಎನ್‌ಕೋಡರ್ ಎಕ್ಸ್264ರ ಪ್ರೀಸೆಟ್ ವೆರಿಫಾಸ್ಟ್ ಬದಲು ಫಾಸ್ಟ್ ಮಾಡಿ, ಅಷ್ಟೇ ಬಿಟ್‌ರೇಟ್‌ನಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ.

ಅಸಲಿ ವಿಷಯ ಇರುವುದು ಕ್ಯಾಮೆರಾ ಮುಂದೆ. ಎನ್‌ಕೋಡರ್ ಹೆಚ್ಚುಕಡಿಮೆ ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗಿದರೆ ಇಡೀ ರಂಗಸ್ಥಳವೇ ಬದಲಾದಂತೆ. ಹಿಂದೆ ಪರದೆ ಪಟಪಟ ಹಾರುತ್ತಿದ್ದರೆ, ಪಕ್ಕದಲ್ಲಿ ಮಾವಿನ ಎಲೆ ಅಲ್ಲಾಡುತ್ತಿದ್ದರೆ ಬಿಟ್‌ಗಳೆಲ್ಲ ಅದಕ್ಕೇ ಖರ್ಚು, ಗಿರಕಿ ಹೊಡೆಯುವ ವೇಷಕ್ಕೆ ಏನು ಉಳಿಯುತ್ತದೆ? ಟ್ರೈಪಾಡ್ ಹಾಕಿ, ಪರದೆ ಬಿಗಿದು ಕಟ್ಟಿ, ಮರ ಫ್ರೇಮಿನಿಂದ ಹೊರಗಿಡಿ. ಬೆಳಕು ಸಾಲದೆ ಕ್ಯಾಮೆರಾದ ಗೇನ್ (ಚಿತ್ರವನ್ನು ಬಲವಂತವಾಗಿ ಬೆಳಗಿಸುವುದು) ಏರಿಸಿದರೆ ಕತ್ತಲಲ್ಲಿ ಇರುವೆ ಹರಿದ ಹಾಗೆ ಚುಕ್ಕೆ ಓಡುತ್ತವೆ, ಅವೂ ಬಿಟ್‌ಗಳನ್ನು ತಿನ್ನುತ್ತವೆ. ಇನ್ನೆರಡು ಲೈಟ್ ಹಾಕಿಸಿ.

ಆಡಿಯೋ ಮಾತ್ರ ಕಡಿಮೆ ಮಾಡಬೇಡಿ. ಮೈಕಿನವರ ಮಿಕ್ಸರ್‌ನಿಂದ ನೇರ ತಗೊಳ್ಳಿ. ಭಾಗವತಿಕೆ ತುಂಡಾದರೆ ಯಾರೂ ಕೂರುವುದಿಲ್ಲ.

ಲ್ಯಾಪ್‌ಟಾಪ್‌ಗೆ ಕೇಬಲ್ ಎಳೆಯಿರಿ, ವೈಫೈ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ತೀರ್ಥಹಳ್ಳಿ ಕಡೆ ಒಂದು ಮದುವೆಯಲ್ಲಿ ಸರಿಯಾಗಿ ಧಾರೆ ಹೊತ್ತಿಗೆ ನನ್ನ ಲೈವ್ ನಿಂತಿತ್ತು. ನೋಡಿದರೆ, ನೆಂಟರ ಫೋನುಗಳೆಲ್ಲ ಸುಮ್ನೆ ಜೇಬಲ್ಲೇ ಕೂತು ಫೋಟೋ ಬ್ಯಾಕಪ್ ಮಾಡುತ್ತಿದ್ದವು!

1080ಪಿ ಬೇಕೇ ಬೇಕಾದರೆ ಕ್ಯಾಮೆರಾದ ಕಾರ್ಡಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಹಾಕಿ. ಮುಂಚೆ ಒಂದು ರಾತ್ರಿ ಆಟದ ಹೊತ್ತಿಗೇ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟೇ ಕಾಣುವ) ಲೈವ್ ಬಿಟ್ಟು, ಊರಿನ ಹುಡುಗರಲ್ಲಿ ಯಾರನ್ನಾದರೂ ಹತ್ತು ನಿಮಿಷ ಕುಣಿಸಿ ನೋಡಿ.