ಆಲಿಸ್ ಬೋನರ್ ಶಿಲ್ಪಗಳ ಮೇಲೆ ವೃತ್ತ ಎಳೆದು ನೋಡುತ್ತಿದ್ದ ಕ್ರಮ ಏನು? ಬಾದಾಮಿಯಲ್ಲಿ ನಾನೂ ಮಾಡಿ ನೋಡಬಹುದೇ?

ಖಂಡಿತ ಮಾಡಬಹುದು. ಒಂದು ಒಳ್ಳೆಯ ಫೋಟೊ, ಕೈವಾರ, ಮೂಲೆಮಟ್ಟ, ಕೋನಮಾಪಕ, ಟ್ರೇಸಿಂಗ್ ಪೇಪರ್ ಇದ್ದರೆ ಸಾಕು. ಚಿತ್ರಕಲೆ ಓದುತ್ತಿದ್ದೀರಿ, ಬಾದಾಮಿಗೆ ಹೊರಟಿದ್ದೀರಿ ಎಂದು ಬರೆದಿದ್ದೀರಿ. ಗೆರೆ ಎಳೆಯುವ ಕೆಲಸ ನಿಮಗೆ ಕಷ್ಟವಾಗದು. ಆ ಗೆರೆ ಶಿಲ್ಪದಲ್ಲೇ ಇತ್ತೋ ನಾವು ಅದರ ಮೇಲೆ ಹೇರಿದೆವೋ ಎಂದು ತಿಳಿಯುವುದೇ ಕಷ್ಟ. ಹಾಗಾಗಿ ಉತ್ತರದಲ್ಲಿ ಹೆಚ್ಚು ಜಾಗ ಅದಕ್ಕೇ ಕೊಟ್ಟಿದ್ದೇನೆ.

ಬೋನರ್ (1889–1981) ಸ್ವಿಟ್ಜರ್ಲೆಂಡಿನ ಕುಟುಂಬದವರು, ಹುಟ್ಟಿದ್ದು ಇಟಲಿಯಲ್ಲಿ. ಬ್ರಸೆಲ್ಸ್, ಮ್ಯೂನಿಕ್, ಬಾಸೆಲ್‌ಗಳಲ್ಲಿ ಕಲಿತು ಶಿಲ್ಪಿಯಾದರು. 1926ರಲ್ಲಿ ಜ್ಯೂರಿಕ್‌ನಲ್ಲಿ ಉದಯ ಶಂಕರ್ ಅವರ ನೃತ್ಯ ನೋಡಿದರು. ಮುಂದೆ ಅವರ ನೃತ್ಯ ತಂಡ ಕಟ್ಟುವುದಕ್ಕೂ ಜೊತೆಯಾದರು. 1930ರ ದಶಕದ ನಡುವೆ ಕಾಶಿಗೆ ಬಂದು ಅಸ್ಸಿ ಘಾಟ್‌ನಲ್ಲಿ ನೆಲೆಸಿದವರು ಸುಮಾರು ನಾಲ್ಕು ದಶಕ ಅಲ್ಲೇ ಉಳಿದರು. ಶಿಲ್ಪ ಬಿಟ್ಟು ಚಿತ್ರಕ್ಕೆ ತಿರುಗಿದ್ದೂ ಭಾರತದಲ್ಲೇ. ಎಲ್ಲೋರ, ಬಾದಾಮಿ, ಮಹಾಬಲಿಪುರದ ಉಬ್ಬುಶಿಲ್ಪಗಳ ರಚನೆಯ ಬಗ್ಗೆ ಅವರು ಬರೆದ ಪುಸ್ತಕ 1962ರಲ್ಲಿ ಲೈಡನ್‌ನಿಂದ ಹೊರಬಂತು. ನೀವು ಕೇಳಿದ ವೃತ್ತಗಳು ಇರುವುದು ಅದರಲ್ಲಿ. ಕುಣಿಯುವ ಮೈಯನ್ನು ವರ್ಷಗಟ್ಟಲೆ ಗೀಚಿದ ಕಣ್ಣಿಗೆ ಮಾತ್ರ ಕಲ್ಲಿನ ಕೈಕಾಲುಗಳ ಓಟ ಹಾಗೆ ಕಾಣಲು ಸಾಧ್ಯ ಎಂದು ನನಗನಿಸುತ್ತದೆ. ಅಳತೆಪಟ್ಟಿ ಹಿಡಿದು ಶುರುಮಾಡಿದ ಕೆಲಸ ಅದಲ್ಲ.

ಅವರ ವಾದದ ತಿರುಳು ಇಷ್ಟು: ಶಿಲ್ಪಿ ಕಲ್ಲಿಗೆ ಉಳಿ ಇಡುವ ಮೊದಲು ಚೌಕಟ್ಟಿನ ಮೇಲೆ ಒಂದು ವೃತ್ತ ಕಲ್ಪಿಸಿಕೊಳ್ಳುತ್ತಾನೆ. ಅದನ್ನು ವ್ಯಾಸಗಳಿಂದ ಸಮಭಾಗ ಮಾಡುತ್ತಾನೆ. ಆ ವ್ಯಾಸಗಳಿಗೆ ಸಮಾಂತರವಾಗಿ ಹೋಗುವ ಗೆರೆಗಳ ಗುಂಟ ತೋಳು, ತೊಡೆ, ಆಯುಧ, ಪರಿವಾರದ ಮೂರ್ತಿಗಳು ಸಾಗುತ್ತವೆ. ಎಲ್ಲವನ್ನೂ ಹಿಡಿದಿಡುವುದು ನಡುವಿನ ಬಿಂದು.

ಈಗ ಫೋಟೊ. ಮುಕ್ಕಾಲು ಪಾಲು ತಪ್ಪು ಆಗುವುದು ಇಲ್ಲೇ. ಶಿಲ್ಪದ ಹತ್ತಿರ ನಿಂತು ಮೊಬೈಲಿನ ಮಾಮೂಲಿ ಲೆನ್ಸ್‌ನಲ್ಲಿ ತೆಗೆದರೆ ಕಾಲು ದಪ್ಪಗಾಗಿ ತಲೆ ಹಿಂದೆ ಸರಿಯುತ್ತದೆ. ಆ ಚಿತ್ರದ ಮೇಲೆ ಎಳೆದ ವೃತ್ತಕ್ಕೆ ಅರ್ಥವಿಲ್ಲ. ಆದಷ್ಟು ಹಿಂದೆ ಸರಿದು 2 ಅಥವಾ 3 ಪಟ್ಟು ಜೂಮ್ ಇಟ್ಟುಕೊಳ್ಳಿ. ಕ್ಯಾಮೆರಾ ಚೌಕಟ್ಟಿನ ಅರ್ಧ ಎತ್ತರಕ್ಕೆ, ನಡುಮಧ್ಯದ ನೇರಕ್ಕೆ ಇರಲಿ. ಎರಡೂ ಬದಿಯ ಅರೆಗಂಬಗಳ ಅಂಚು ಪರದೆಯ ಅಂಚಿಗೆ ಸಮಾಂತರವಾಗಿದೆಯೇ ನೋಡಿ. ಫೋಟೊ 2 ಡಿಗ್ರಿ ಓರೆಯಾದರೂ ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿ ಗೆರೆ 3.5 ಮಿ.ಮೀ. ಜಾರುತ್ತದೆ. ಫ್ಲ್ಯಾಶ್ ಬೇಡ, ಉಬ್ಬೆಲ್ಲ ಚಪ್ಪಟೆಯಾಗಿ ತೋಳಿನ ಅಂಚೇ ಸಿಗದಂತಾಗುತ್ತದೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲದಿದ್ದರೆ ಎದುರಿನ ಕಂಬಕ್ಕೆ ಬೆನ್ನು ಆನಿಸಿ ನಿಲ್ಲಿ. ಸ್ಥಳದಲ್ಲೇ ಕೈ ನೀಟಿ ಪೆನ್ಸಿಲ್ ಹಿಡಿದು ಚೌಕಟ್ಟಿನ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಬರೆದುಕೊಳ್ಳಿ. ಆಮೇಲೆ ಆ್ಯಪ್‌ನಲ್ಲಿ ಓರೆ ತಿದ್ದುವಾಗ ಚಿತ್ರ ಹಿಗ್ಗಿತೋ ಕುಗ್ಗಿತೋ ಎಂದು ಗೊತ್ತಾಗುವುದು ಅದರಿಂದಲೇ.

ಪ್ರಿಂಟ್ ಎ3 ಗಾತ್ರದಲ್ಲಿ ಹಾಕಿಸಿ. ಮುಂಗೈ ಕಾಗದದ ಮೇಲೆ 2 ಸೆಂ.ಮೀ. ಮಾತ್ರ ಇದ್ದರೆ 1 ಮಿ.ಮೀ. ತಪ್ಪಿದರೂ ಕೋನ ಸುಮಾರು 3 ಡಿಗ್ರಿ ಬದಲಾಗುತ್ತದೆ. ಅದು 4 ಸೆಂ.ಮೀ. ಆದರೂ ಇರಬೇಕು.

ಮುಂದಿನದು ನಾನು ತುಂಬ ಒತ್ತಿ ಹೇಳುವ ಮಾತು. ವೃತ್ತವನ್ನು ಮೊದಲು ಎಳೆಯಬೇಡಿ. ಒಂದು ಟ್ರೇಸಿಂಗ್ ಹಾಳೆ ಹಾಸಿ, ಭುಜದಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು, ಸೊಂಟದಿಂದ ಮಂಡಿ, ಮಂಡಿಯಿಂದ ಹಿಮ್ಮಡಿ, ಆಯುಧಗಳ ಹಿಡಿ, ಹೀಗೆ ಪ್ರತಿ ಅಂಗದ ನಡುಗೆರೆಯನ್ನಷ್ಟೇ 2ಎಚ್ ಪೆನ್ಸಿಲಿನಲ್ಲಿ ಗುರುತಿಸಿ. ಚಿಕ್ಕ ಮೂರ್ತಿಗಳನ್ನೂ ಬಿಡಬೇಡಿ. 20 ಗೆರೆಯಾದರೂ ಆಗಲಿ. ಅದನ್ನು ತೆಗೆದಿಟ್ಟು ಇನ್ನೊಂದು ಹಾಳೆಯಲ್ಲಿ ಚೌಕಟ್ಟು ಬರೆಯಿರಿ, ಕರ್ಣಗಳು ಕೂಡುವಲ್ಲಿ ಕೇಂದ್ರ ಹಿಡಿಯಿರಿ, ವೃತ್ತ ಎಳೆಯಿರಿ. ತ್ರಿಜ್ಯದ ಅಳತೆಯಲ್ಲೇ ಕೈವಾರ ತಿರುಗಿಸುತ್ತ ಹೋದರೆ 6 ಭಾಗ, ಅವನ್ನು ಅರ್ಧಿಸಿದರೆ 12. ಮೂಲೆಮಟ್ಟದ 45 ಡಿಗ್ರಿಯಿಂದ 8. ಕೊನೆಗೆ ಎರಡೂ ಹಾಳೆ ಒಂದರ ಮೇಲೊಂದು ಇಡಿ. ವೃತ್ತ ಕಣ್ಣೆದುರು ಇದ್ದಾಗ ಕೈ ತಾನಾಗಿಯೇ ತೋಳನ್ನು ಗೆರೆಯ ಕಡೆ ಎಳೆಯುತ್ತದೆ, ಎಷ್ಟೇ ಪ್ರಾಮಾಣಿಕರಾಗಿದ್ದರೂ.

ಈಗ ಲೆಕ್ಕ. 8 ಭಾಗ ಮಾಡಿದರೆ ಅಕ್ಕಪಕ್ಕದ ವ್ಯಾಸಗಳ ನಡುವೆ 45 ಡಿಗ್ರಿ, 12 ಮಾಡಿದರೆ 30, 24 ಮಾಡಿದರೆ 15. ಆಚೀಚೆ 3 ಡಿಗ್ರಿ ಒಳಗಿದ್ದರೆ ಕೂಡಿತು ಎಂದು ಒಪ್ಪುವಿರಾದರೆ ಪ್ರತಿ ವ್ಯಾಸ 6 ಡಿಗ್ರಿ ಜಾಗ ಹಿಡಿಯುತ್ತದೆ. ಅಂದರೆ ಮನಸ್ಸಿಗೆ ಬಂದಂತೆ ಗೀಚಿದ ಗೆರೆಯ ಓರೆಯೂ 8 ಭಾಗದ ವೃತ್ತದಲ್ಲಿ ನೂರಕ್ಕೆ 13 ಸಲ, 12ರಲ್ಲಿ 20 ಸಲ, 24ರಲ್ಲಿ 40 ಸಲ ಕೂಡಿಬಿಡುತ್ತದೆ! ನಿಮ್ಮ 20 ಗೆರೆಗಳಲ್ಲಿ 12 ಭಾಗದ ವೃತ್ತಕ್ಕೆ ನಾಲ್ಕು ಕೂಡಿದರೆ ಅದು ಆಕಸ್ಮಿಕ. ಹತ್ತು, ಹನ್ನೊಂದು ಕೂಡಿದರೆ ಅಲ್ಲಿ ಏನೋ ಇದೆ. 24 ಭಾಗಕ್ಕೆ ಹೋಗಲೇಬೇಡಿ, ಅಲ್ಲಿ ಯಾವ ಚಿತ್ರವನ್ನಾದರೂ ಒಪ್ಪಿಸಬಹುದು. ಬೋನರ್ ವಿಧಾನದ ಬಗ್ಗೆ ಏಳುವ ಮುಖ್ಯ ತಕರಾರೂ ಇದೇ, ಅದರಲ್ಲಿ ಹುರುಳಿದೆ.

ಇನ್ನೊಂದು ತಕರಾರು ಗ್ರಂಥದ್ದು. ಒಡಿಶಾದ ಪಂಡಿತ ಸದಾಶಿವ ರಥ ಶರ್ಮಾ ಅವರ ಜೊತೆ ಸೇರಿ ಬೋನರ್ ಹೊರತಂದ, ಶಿಲ್ಪರಚನೆಯ ಕ್ರಮ ಹೇಳುವ ವಾಸ್ತುಸೂತ್ರ ಉಪನಿಷತ್ತು ಬೋನರ್ ತೀರಿಕೊಂಡ ಮರುವರ್ಷ, 1982ರಲ್ಲಿ ಪ್ರಕಟವಾಯಿತು. ವೃತ್ತ ಮತ್ತು ಗೆರೆಗಳ ಹಂದರಕ್ಕೆ ಅದರಲ್ಲಿ ಖಿಲಪಂಜರ ಎಂಬ ಹೆಸರೇ ಇದೆ. ಆ ಗ್ರಂಥ ಎಷ್ಟು ಹಳೆಯದು ಎನ್ನುವುದರಲ್ಲಿ ವಿದ್ವಾಂಸರಿಗೆ ಅನುಮಾನವಿದೆ. ಆದ್ದರಿಂದ ಅದನ್ನು ಸಾಕ್ಷಿಯಾಗಿ ತರದೆ ಶಿಲ್ಪವನ್ನಷ್ಟೇ ನಂಬಿ ಕೆಲಸ ಮಾಡಿ ಎನ್ನುತ್ತೇನೆ. ಹಾಗೆ ಮಾಡಿದರೂ ಬೋನರ್ ದೊಡ್ಡವರೇ. ಉಬ್ಬುಶಿಲ್ಪದಲ್ಲಿ ದೇವರ ಹೆಸರು, ಆಯುಧಗಳ ಪಟ್ಟಿಗಿಂತ ಮುಂದೆ ಹೋಗಿ ಇಡೀ ಫಲಕವನ್ನು ಒಂದೇ ಚಲನೆಯಾಗಿ ನೋಡಲು ಕಲಿಸಿದರು.

ಯಾವ ಶಿಲ್ಪ ಆರಿಸಿಕೊಳ್ಳಬೇಕು? ಎಲ್ಲರೂ ಮೊದಲನೇ ಗುಹೆಯ 18 ಕೈಗಳ ನಟರಾಜನ ಬಳಿ ಹೋಗುತ್ತಾರೆ. ಅದನ್ನು ಮೊದಲಿಗೆ ಬಿಡಿ. ಬೀಸಣಿಗೆಯಂತೆ ಹರಡಿದ ಆ ಕೈಗಳು ಭುಜದಿಂದ ಹೊರಡುತ್ತವೆ, ಫಲಕದ ಕೇಂದ್ರದಿಂದಲ್ಲ. ಅಷ್ಟು ದಿಕ್ಕುಗಳಿರುವಾಗ ಯಾವ ವೃತ್ತವೂ ಕೂಡಿದಂತೆ ಕಾಣುತ್ತದೆ. ಎರಡನೇ ಗುಹೆಯ ವರಾಹ ಅಥವಾ ತ್ರಿವಿಕ್ರಮನಿಂದ ಶುರುಮಾಡಿ. ತ್ರಿವಿಕ್ರಮನ ಎತ್ತಿದ ಕಾಲು ಫಲಕವನ್ನೇ ಸೀಳಿಕೊಂಡು ಹೋಗುವ ಒಂದು ಸ್ಪಷ್ಟ ಗೆರೆ. ವರಾಹನಲ್ಲಿ ಭೂದೇವಿಯನ್ನು ಹೊತ್ತ ಕೈ, ಮಡಿಸಿದ ಮಂಡಿ, ಕಾಲಬಳಿಯ ನಾಗ ಮೂರನ್ನೂ ಬೇರೆಬೇರೆಯಾಗಿ ಅಳೆಯಿರಿ. ನಂತರ ಮೂರನೇ ಗುಹೆಗೆ ಹೋಗಿ. ಅಲ್ಲೂ ಇದೇ ಇಬ್ಬರು ಇದ್ದಾರೆ. ಚಾಲುಕ್ಯರ ಮಂಗಲೇಶನ ಶಾಸನದಿಂದ ಆ ಗುಹೆಯ ಕಾಲ ಕ್ರಿ.ಶ. 578 ಎಂದು ಖಚಿತವಾಗಿದೆ. ಒಂದೇ ಊರು, ಒಂದೇ ಮೂರ್ತಿ, ಎರಡು ಫಲಕ. ಎರಡಕ್ಕೂ ಒಂದೇ ವಿಭಜನೆ ಕೂಡುತ್ತದೋ ಇಲ್ಲವೋ ನೋಡಿ, ಅಲ್ಲಿ ನಿಮಗೆ ನಿಜವಾದ ಉತ್ತರ ಸಿಗುತ್ತದೆ.

ಬೋನರ್ ಬರೆದ ಚಿತ್ರಗಳನ್ನೇ ನೋಡಬೇಕೆಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಭಾರತ ಕಲಾ ಭವನಕ್ಕೆ ಹೋಗಿ. ಜ್ಯೂರಿಕ್‌ನ ರೀಟ್‌ಬರ್ಗ್ ಮ್ಯೂಸಿಯಂನಲ್ಲೂ ಅವರ ಸಂಗ್ರಹವಿದೆ.