‘ಅರ್ಥ ಆಯ್ತಾ’ ಅಂತ ಕೇಳಿದರೆ ಸಾಲದು

ಓದುಗರ ಪತ್ರ: “ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ಬಿಪಿ, ಶುಗರ್ ಎರಡೂ ಇದೆ. ಕಳೆದ ತಿಂಗಳು ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವಾಗ ಬಿಪಿಗೆ ಒಂದು ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿದ್ದ ಹಳೆಯದನ್ನು ನಿಲ್ಲಿಸಬೇಕೋ ಬೇಡವೋ ನಮಗೆ ತಿಳಿಯಲಿಲ್ಲ. ಅಮ್ಮ ಎರಡನ್ನೂ ನುಂಗುತ್ತಿದ್ದರು. ಒಂದು ದಿನ ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆಮೇಲೆ ನೋಡಿದರೆ ಎರಡೂ ಅಮ್ಲೋಡಿಪಿನ್ ಅನ್ನುವ ಒಂದೇ ಔಷಧ, ಕಂಪನಿ ಮಾತ್ರ ಬೇರೆ. ನಾನು ಬಿ.ಎ. ಓದಿದವಳು, ನನಗೇ ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆ. ಡಾಕ್ಟರನ್ನು ಕೇಳಿದರೆ ‘ಗೂಗಲ್ ನೋಡ್ಕೊಂಡು ಬಂದಿದ್ದೀರಾ’ ಅಂತಾರೆ. ನಮ್ಮಂಥವರು ಇದನ್ನೆಲ್ಲ ಹೇಗೆ ಕಲಿಯಬೇಕು? ಉಳಿದ ಹಳೆ ಮಾತ್ರೆ ಏನು ಮಾಡಲಿ?”
– ಹೆಸರು ಬೇಡ ಎಂದಿರುವ ಓದುಗರು, ತಿಪಟೂರು

ಸಂಪಾದಕರ ಉತ್ತರ:

ನಮಸ್ಕಾರ. ಮೊದಲು ಆ ನಾಚಿಕೆಯನ್ನು ಬಿಟ್ಟುಬಿಡಿ. ನಿಮ್ಮ ಬಿ.ಎ.ಗೂ ಇದಕ್ಕೂ ಸಂಬಂಧ ಇಲ್ಲ.

ಡಿಸ್ಚಾರ್ಜ್ ದಿನ ಹೇಗಿರುತ್ತದೆ ಹೇಳಿ. ಒಬ್ಬರು ಬಿಲ್ ಕಟ್ಟಲು ಕ್ಯೂನಲ್ಲಿ, ಇನ್ನೊಬ್ಬರು ಇನ್ಶೂರೆನ್ಸ್ ಕಾಗದದ ಹಿಂದೆ. ಹೊರಗೆ ಕಾರಿನವನು ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ. ಅಮ್ಮನಿಗೆ ಮನೆ ಸೇರಿದರೆ ಸಾಕಾಗಿರುತ್ತದೆ. ಅದರ ನಡುವೆ ಸಿಸ್ಟರ್ ಬಂದು ಏಳೆಂಟು ಮಾತ್ರೆಗಳ ಕವರ್ ಕೈಗಿಟ್ಟು ಒಂದೇ ಉಸಿರಿಗೆ ಹೇಳಿ ಹೋಗುತ್ತಾರೆ. ಅದು ಯಾರಿಗೆ ನೆನಪಿರುತ್ತೆ? ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ರಾಯ್ ಕೆಸೆಲ್ಸ್ ಈ ಬಗ್ಗೆ ಆಗಿದ್ದ ಅಧ್ಯಯನಗಳನ್ನೆಲ್ಲ ನೋಡಿ 2003ರಲ್ಲಿ ಬರೆದರು. ವೈದ್ಯರು ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟು ರೋಗಿಗೆ ಆಗಲೇ ಮರೆತುಹೋಗುತ್ತದಂತೆ. ನೆನಪಿರುವುದರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪಾಗಿ ನೆನಪಿರುತ್ತದೆ.

ಚೆನ್ನಾಗಿ ಓದಿದವರ ಕಥೆಯೂ ಇದೇ. ಶುಗರ್ ಟೆಸ್ಟ್‌ಗೆ ಎರಡು ದಿನ ಇದೆ ಅನ್ನುವಾಗ ಸಿಹಿ ಬಿಟ್ಟು, ಪಾಸಾಗುತ್ತೇನೆ ಅಂದುಕೊಳ್ಳುವ ಇಂಜಿನಿಯರುಗಳು, ಮೇಷ್ಟ್ರುಗಳು ಎಷ್ಟು ಜನ ಇಲ್ಲ! ಎಚ್‌ಬಿಎ1ಸಿ ಅನ್ನುವ ಟೆಸ್ಟ್ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಎರಡು ದಿನದ ಪಥ್ಯಕ್ಕೆ ಅದು ಜಗ್ಗುವುದಿಲ್ಲ. ಇದನ್ನು ಅವರಿಗೆ ಯಾರೂ ಕೂರಿಸಿ ಹೇಳಿಲ್ಲ, ಅಷ್ಟೆ.

ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು. ಹೇಳಿದ್ದು ರೋಗಿಗೆ ತಲುಪಿತೋ ಇಲ್ಲವೋ ಎಂದು ನೋಡುವುದು ಹೇಳಿದವರ ಕೆಲಸ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ನಾವೆಲ್ಲ ‘ಹೂಂ’ ಅಂತೀವಿ. ಬಾಗಿಲಲ್ಲಿ ಇನ್ನೂ ನಲವತ್ತು ಜನ ಕಾಯುತ್ತಿರುತ್ತಾರೆ. ಎದುರಿಗಿರುವವರು ದೊಡ್ಡವರು. ಇಲ್ಲ ಅಂದರೆ ದಡ್ಡಿ ಅಂದುಕೊಂಡಾರು ಎಂಬ ಅಳುಕು ಬೇರೆ. ಆ ‘ಹೂಂ’ ನಂಬಿಕೊಂಡು ಚೀಟಿ ಬರೆಯುವುದು ತುಂಬಾ ಅಪಾಯ.

ಅದರ ಬದಲು ಡಾಕ್ಟರು ಹೀಗೆ ಕೇಳಬಹುದು: “ನಾನು ಸರಿಯಾಗಿ ಹೇಳಿದೀನೋ ಇಲ್ವೋ ನೋಡ್ಬೇಕು. ನಾಳೆ ಬೆಳಿಗ್ಗೆ ಅಮ್ಮನಿಗೆ ಯಾವ ಯಾವ ಮಾತ್ರೆ ಕೊಡ್ತೀರಿ, ಹೇಳಿ ನೋಡೋಣ.” ಪರದೇಶಗಳ ಆಸ್ಪತ್ರೆಗಳಲ್ಲಿ ಇದನ್ನು ಟೀಚ್‌ಬ್ಯಾಕ್ ಎಂದು ಕರೆದು ಸಿಬ್ಬಂದಿಗೆ ಕಲಿಸುತ್ತಾರೆ. ಇಲ್ಲಿ ಪರೀಕ್ಷೆ ನಿಮಗಲ್ಲ, ಅವರು ಹೇಳಿದ ರೀತಿಗೆ. ಅವತ್ತು ಯಾರಾದರೂ ಹೀಗೆ ಕೇಳಿದ್ದರೆ ನೀವು “ಹಳೇದು ಒಂದು, ಹೊಸದು ಒಂದು” ಅಂದಿರುತ್ತಿದ್ದಿರಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. ಅಮ್ಮ ಬೀಳುತ್ತಿರಲಿಲ್ಲ.

ವೈದ್ಯರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯ. 67 ದೇಶಗಳಲ್ಲಿ ಡಾಕ್ಟರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂಬ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಸ್ವೀಡನ್‌ನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಕಾಯಿಲೆ ಕಂಡುಹಿಡಿಯುವುದೇ ಸಾಹಸ, ಇನ್ನು ವಿವರಿಸುವುದೆಲ್ಲಿ? ನಿಜ. ಆದರೆ ಆ ಒಂದು ಪ್ರಶ್ನೆಯನ್ನು ಡಾಕ್ಟರೇ ಕೇಳಬೇಕೆಂದೇನೂ ಇಲ್ಲ. ಸಿಸ್ಟರ್ ಕೇಳಬಹುದು, ಔಷಧಿ ಅಂಗಡಿಯವರು ಕೇಳಬಹುದು. 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ರೋಗಿಯ ಜೊತೆ ಹೇಗೆ ಮಾತಾಡಬೇಕು ಎಂಬುದೂ ಸೇರಿದೆ. ಒಳ್ಳೆಯದೇ. ಆದರೆ ಹುಡುಗರು ಕಲಿಯುವುದು ವಾರ್ಡಿನಲ್ಲಿ, ಸೀನಿಯರುಗಳನ್ನು ನೋಡಿ. ಸೀನಿಯರ್ ರೇಗಿದರೆ ಅವರೂ ರೇಗುವುದನ್ನೇ ಕಲಿಯುತ್ತಾರೆ.

ಇನ್ನು ಔಷಧಿ ಅಂಗಡಿ. ನಾಲ್ಕೇ ಮಾತ್ರೆ ಸಾಕು ಅಂದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರಲ್ಲ, ಹೆಸರು, ಎಕ್ಸ್‌ಪೈರಿ ಇರುವ ತುಂಡು ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಔಷಧದ ಮೂಲ ಹೆಸರನ್ನು (ಕಂಪನಿ ಇಟ್ಟ ಬ್ರಾಂಡ್ ಹೆಸರಲ್ಲ, ಅಮ್ಲೋಡಿಪಿನ್ ಅನ್ನುವಂಥದ್ದು) ಓದಲು ಬರುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು 2016ರಲ್ಲೇ ವೈದ್ಯರಿಗೆ ನಿಯಮ ಆಗಿದೆ. ಪ್ಯಾಕೆಟ್ ಮೇಲೆ ಮೂಲ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡದಾಗಿರಬೇಕು ಎಂದು 2018ರಲ್ಲಿ ಇನ್ನೊಂದು ನಿಯಮ ಬಂತು. ನಿಮ್ಮ ಮನೆಯ ಎರಡು ಸ್ಟ್ರಿಪ್‌ಗಳಲ್ಲಿ ನೋಡಬೇಕಾಗಿದ್ದುದು ಆ ಹೆಸರನ್ನೇ. ಆದರೆ ಅಲ್ಲಿ ನೋಡಿ ಅಂತ ನಿಮಗೆ ತೋರಿಸಿದವರು ಯಾರು? ಚಿಕ್ಕ ಮಕ್ಕಳಿರುವ ಮನೆಯವರೂ ಇದನ್ನು ಗಮನಿಸಿ. ಪ್ಯಾರಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ ಐದು ಎಂಎಲ್‌ಗೆ 125 ಅಥವಾ 250. ಸಿರಪ್ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ಎರಡು ಪಟ್ಟು, ನಾಲ್ಕು ಪಟ್ಟು ಔಷಧ ಹೋಗುತ್ತದೆ. ಬಾಟಲಿ ಕೊಡುವಾಗಲೇ ಇದನ್ನು ಹೇಳಬೇಕಲ್ವಾ? ಓದಲು ಬಾರದವರಿಗೆ ಕವರ್ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದು ಕೊಡುವ ಅಂಗಡಿಯವರೂ ಇದ್ದಾರೆ. ಅವರಿಗೆ ನನ್ನ ನಮಸ್ಕಾರ.

ಡಾಕ್ಟರನ್ನು ಕೇಳುವ ವಿಷಯಕ್ಕೆ ಬರೋಣ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಪಟ್ಟಿ ಮಾಡಿತು. ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅವರಿಗೆ ತಿಳಿಯುವ ಹಾಗೆ ಕಾಯಿಲೆ, ಚಿಕಿತ್ಸೆಯನ್ನು ವಿವರಿಸಬೇಕು ಎಂದು ಅದರಲ್ಲಿದೆ. ಹಾಗಾಗಿ ನೀವು ಕೇಳುವುದು ಅಧಿಕಪ್ರಸಂಗ ಅಲ್ಲ. ಆದರೂ ಆ ಕೋಣೆಯಲ್ಲಿ ಹಕ್ಕಿನ ಮಾತೆತ್ತಿದರೆ ಮಾತು ಕೆಡಬಹುದು. ಸುಮ್ನೆ ಹೀಗೆ ಹೇಳಿ ನೋಡಿ: “ಸಾರ್, ನನಗೆ ಅರ್ಥ ಆಗಿದ್ದು ಸರಿಯಾ ಅಂತ ಒಂದ್ಸಲ ಹೇಳಿಬಿಡ್ತೀನಿ.” ಇದಕ್ಕೆ ರೇಗುವವರು ಕಡಿಮೆ. ಹೋಗುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಎಲ್ಲ. ಡಿಸ್ಚಾರ್ಜ್ ದಿನವಂತೂ ಯಾವುದು ಹೊಸದು, ಯಾವುದನ್ನು ನಿಲ್ಲಿಸಬೇಕು, ಯಾವುದರ ಡೋಸ್ ಬದಲಾಗಿದೆ ಎಂದು ಕೇಳಿ ಬರೆಸಿಕೊಳ್ಳದೆ ಹೊರಡಬೇಡಿ. ಗೂಗಲ್ ನೋಡಿದ್ದರೆ ನೋಡಿದೆ ಅಂತಲೇ ಹೇಳಿ. ಏನು ಓದಿದಿರಿ, ಯಾವುದಕ್ಕೆ ಹೆದರಿದಿರಿ ಎಂದು ತಿಳಿದರೆ ಅವರಿಗೂ ಉತ್ತರ ಹೇಳುವುದು ಸುಲಭ.

ಕಲಿಯುವುದು ಹೇಗೆ ಎಂದು ಕೇಳಿದಿರಿ. ಊರಿನ ಆಶಾ ಕಾರ್ಯಕರ್ತೆ ಚೀಟಿ ಓದಿ ಹೇಳಬಲ್ಲವರಾದರೆ ಅವರಿಗಿಂತ ಹತ್ತಿರದ ಗುರು ಇಲ್ಲ. ನಮ್ಮ ಪತ್ರಿಕೆಯ ಜವಾಬ್ದಾರಿಯೂ ಇದೆ. ಅನುಪಮಾ ನಿರಂಜನ ಅವರಂಥ ವೈದ್ಯರು ಮನೆಯವರ ಹತ್ತಿರ ಮಾತಾಡಿದ ಹಾಗೆ ಕನ್ನಡದಲ್ಲಿ ಆರೋಗ್ಯದ ವಿಷಯ ಬರೆದರು. ನಮಗೂ ಅಂಥ ಬರಹ ಬೇಕು. ಮುಂದಿನ ಸಂಚಿಕೆಯಿಂದ ಔಷಧದ ಚೀಟಿ, ಲ್ಯಾಬ್ ರಿಪೋರ್ಟ್ ಓದುವುದು ಹೇಗೆ ಎಂದು ವೈದ್ಯರಿಂದಲೇ ಬರೆಸುತ್ತೇವೆ. ಈ ಪುಟ ಓದುತ್ತಿರುವ ಡಾಕ್ಟರು, ಸಿಸ್ಟರು, ಫಾರ್ಮಸಿಸ್ಟುಗಳೇ, ದಯವಿಟ್ಟು ಬರೆಯಿರಿ.

ಕೊನೆಗೆ ಹಳೆ ಮಾತ್ರೆ. ಈಗಲೇ ಎಸೆಯಬೇಡಿ, ಅಮ್ಮನ ಕೈಗೂ ಸಿಗದ ಹಾಗೆ ಬೇರೆ ಇಡಿ. ಯಾವುದು ಮುಂದುವರಿಯಬೇಕು ಎಂದು ಈ ವಾರವೇ ಎರಡೂ ಸ್ಟ್ರಿಪ್ ತೋರಿಸಿ ಕೇಳಿ. ತಲೆ ಸುತ್ತಿತು ಎಂದು ಹೆದರಿ, ಅಥವಾ ಬಿಪಿ ನಾರ್ಮಲ್ ಬಂತು ಎಂದು ಬಿಪಿ ಮಾತ್ರೆಯನ್ನೇ ಪೂರ್ತಿ ನಿಲ್ಲಿಸಿಬಿಡಬೇಡಿ. ನಾರ್ಮಲ್ ಬಂದಿರುವುದು ಸಾಮಾನ್ಯವಾಗಿ ಮಾತ್ರೆಯಿಂದಲೇ. ಅಮ್ಮ ಬಿದ್ದ ವಿಷಯವನ್ನೂ ಮರೆಯದೆ ಡಾಕ್ಟರಿಗೆ ಹೇಳಿ.