ಮೇ ತಿಂಗಳಲ್ಲಿ ಕಾರಿನಲ್ಲಿ ಮಲೆನಾಡಿಗೆ: ಎಲ್ಲಿ ಉಳಿದರೆ ನಿಜವಾಗಿ ತಂಪು?

ನಿಮ್ಮ ಪ್ರಶ್ನೆ ನೋಡಿದೆ. ಬಳ್ಳಾರಿಯಿಂದ ಏಳು ಸೀಟಿನ ಕಾರು, ಮಂಡಿ ನೋವಿರುವ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಮೇ ತಿಂಗಳಲ್ಲಿ ಐದು ದಿನ. ಸಕಲೇಶಪುರ, ಚಿಕ್ಕಮಗಳೂರು, ಕೆಮ್ಮಣ್ಣುಗುಂಡಿ ಈ ಮೂರರಲ್ಲಿ ಯಾವುದು ತಂಪು, ಇಲ್ಲಾ ಸೀದಾ ಊಟಿಗೇ ಹೋಗಿಬಿಡೋದಾ ಅಂತ ಕೇಳಿದ್ದೀರಿ. ಮೇಲೆ ಉತ್ತರಿಸಿದವರು ಒಬ್ಬೊಬ್ಬರು ಒಂದೊಂದು ಹೋಂಸ್ಟೇ ಹೆಸರು ಕೊಟ್ಟಿದ್ದಾರೆ. ನನಗೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಹತ್ತಿರ ಸ್ವಲ್ಪ ಕಾಫಿ ತೋಟ ಇದೆ, ಹೋಂಸ್ಟೇ ಇಲ್ಲ. ಹಾಗಾಗಿ ಯಾರ ಪರವೂ ಇಲ್ಲದೆ ಹೇಳಬಲ್ಲೆ.

ಮೊದಲನೆಯದಾಗಿ, ಊರಿನ ಹೆಸರು ನೋಡಿ ರೂಮು ಹಿಡಿಯಬೇಡಿ. ನೀವು ರಾತ್ರಿ ಮಲಗುವ ಜಾಗ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಅಂತ ನೋಡಿ. ಬೇಸಿಗೆಯಲ್ಲಿ ತಂಪು ಕೊಡುವುದು ಮುಖ್ಯವಾಗಿ ಎತ್ತರ, ಆಮೇಲೆ ಮರದ ನೆರಳು, ಆಮೇಲೆ ಗಾಳಿ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬಳ್ಳಾರಿ ಇರುವುದು 500 ಮೀಟರ್ ಆಸುಪಾಸಿನಲ್ಲಿ. ಸಕಲೇಶಪುರ ಸುಮಾರು 950, ಚಿಕ್ಕಮಗಳೂರು ಪೇಟೆ ಸುಮಾರು 1,090, ಕೆಮ್ಮಣ್ಣುಗುಂಡಿ 1,400 ದಾಟುತ್ತದೆ, ಊಟಿ 2,240. ಬೆಂಗಳೂರು ಕೂಡ 900ರ ಮೇಲಿದೆ. ಅಂದರೆ ಸಕಲೇಶಪುರ ಪೇಟೆ ಎತ್ತರದಲ್ಲಿ ಬೆಂಗಳೂರಿಗಿಂತ ಹೆಚ್ಚೇನೂ ಮೇಲಿಲ್ಲ. ಅಲ್ಲಿ ಹಿತ ಅನಿಸುವುದು ಕಾಡಿನ, ತೋಟದ ನೆರಳಿನಿಂದ. ಪೇಟೆಯ ಮಧ್ಯೆ ಹೈವೇ ಪಕ್ಕದ ಲಾಡ್ಜಿನಲ್ಲಿ ಉಳಿದರೆ ಆ ನೆರಳೂ ಇಲ್ಲ, ಮೇಲಿಂದ ರಾತ್ರಿಯಿಡೀ ಲಾರಿ ಸದ್ದು.

ಚಿಕ್ಕಮಗಳೂರಿಗೂ ಇದೇ ಮಾತು. ಏಪ್ರಿಲ್ ಕೊನೆಯಲ್ಲಿ ಮಳೆ ಬಾರದಿದ್ದರೆ ಪೇಟೆಯಲ್ಲಿ ಮಧ್ಯಾಹ್ನ 32-33 ಡಿಗ್ರಿ ಆಗುವುದು ಮಾಮೂಲು. ನಿಮಗೆ ಬಳ್ಳಾರಿಯ ನಲವತ್ತರ ಮುಂದೆ ಅದು ಸ್ವರ್ಗವೇ. ಆದರೆ ಸ್ವೆಟರ್ ತುಂಬಿಕೊಂಡು ಬಂದ ಮಕ್ಕಳಿಗೆ ನಿರಾಸೆಯಾಗುತ್ತದೆ. ಇನ್ನೊಂದು ವಿಷಯ ಗಮನಿಸಿ. ಬುಕಿಂಗ್ ಆ್ಯಪ್‌ಗಳಲ್ಲಿ ‘ಚಿಕ್ಕಮಗಳೂರು’ ಅಂತ ಹಾಕಿದರೆ ಕಡೂರು ರಸ್ತೆ, ಸಖರಾಯಪಟ್ಟಣದ ಕಡೆಯ ರೆಸಾರ್ಟ್‌ಗಳೂ ಬರುತ್ತವೆ. ಅದು ಬೆಟ್ಟದ ಪೂರ್ವದ ಮಗ್ಗುಲು, ಮಳೆ ಕಡಿಮೆ, ಬಯಲುಸೀಮೆ ಶುರುವಾಗುವ ಜಾಗ. ಅಯ್ಯನಕೆರೆ ನೋಡಲು ಸೊಗಸು, ಸಂಜೆ ಒಂದು ಸುತ್ತು ಹೋಗಿಬನ್ನಿ. ಉಳಿಯುವುದು ಮಾತ್ರ ಪಶ್ಚಿಮಕ್ಕೆ ಅಥವಾ ಮೇಲಕ್ಕೆ ಇರಲಿ: ಕೈಮರ ದಾಟಿ ಅತ್ತಿಗುಂಡಿ ಕಡೆ, ಇಲ್ಲವೇ ಮಲ್ಲಂದೂರು ರಸ್ತೆಯ ಕಡೆ.

ಎತ್ತರ ಕಂಡುಹಿಡಿಯುವುದು ಕಷ್ಟವಲ್ಲ. ಹೋಂಸ್ಟೇಯವರಿಂದ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಂಡು, ಎತ್ತರ ತೋರಿಸುವ ಯಾವುದಾದರೂ ಮ್ಯಾಪಿನಲ್ಲಿ ಹಾಕಿ ನೋಡಿ. ಅದೂ ಬೇಡ ಅಂದರೆ ತೋಟದವರ ಉಪಾಯ ಒಂದಿದೆ. ‘ನಿಮ್ಮ ಮನೆ ಸುತ್ತ ಇರುವುದು ಅರೇಬಿಕಾನೋ ರೋಬಸ್ಟಾನೋ?’ ಅಂತ ಫೋನಿನಲ್ಲಿ ಕೇಳಿ. ಅರೇಬಿಕಾ ಚೆನ್ನಾಗಿ ಬರುವುದು ಸಾವಿರ ಮೀಟರಿನಿಂದ ಮೇಲೆ, ತಂಪು ನೆರಳಿನಲ್ಲಿ. ರೋಬಸ್ಟಾ ಅದಕ್ಕಿಂತ ಕೆಳಗೂ, ಸೆಕೆಯಲ್ಲೂ ಬೆಳೆಯುತ್ತದೆ. ಬರೀ ಅರೇಬಿಕಾ ಅಂದರೆ ನೀವು ಮೇಲಿದ್ದೀರಿ ಅಂತಲೇ ಹೆಚ್ಚಿನ ಮಟ್ಟಿಗೆ ಅರ್ಥ. ಬಂದ ಮೇಲೆ ನೀವೇ ಗುರುತಿಸಬಹುದು. ಅರೇಬಿಕಾ ಎಲೆ ಸಣ್ಣದು, ಕಡು ಹಸಿರು, ಹೊಳಪು. ರೋಬಸ್ಟಾ ಎಲೆ ಅಗಲ, ಮೇಲೆ ಏರುತಗ್ಗಿನ ಸುಕ್ಕು, ಗಿಡವೂ ದೊಡ್ಡದು. ಮಕ್ಕಳಿಗೆ ಎರಡೂ ಎಲೆ ಕೈಗೆ ಕೊಟ್ಟು ನೋಡಿ, ಮತ್ತೆ ಮರೆಯುವುದಿಲ್ಲ. ಮೇ ತಿಂಗಳಿಗೆ ಹೂವು ಮುಗಿದಿರುತ್ತದೆ, ಗಂಟಿನಲ್ಲಿ ಸಣ್ಣ ಹಸಿರು ಕಾಯಿ ಕಚ್ಚಿರುತ್ತದೆ. ಹೂವೇ ನೋಡಬೇಕಿದ್ದರೆ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಬರಬೇಕು. ಇಡೀ ತೋಟ ಬೆಳ್ಳಗಾಗಿ, ರಸ್ತೆಯವರೆಗೂ ಮಲ್ಲಿಗೆ ವಾಸನೆ ಬರುತ್ತದೆ. ಮೂರ್ನಾಲ್ಕು ದಿನ ಅಷ್ಟೇ, ಆಮೇಲೆ ಕಂದಿಹೋಗುತ್ತದೆ.

ತಾರೀಖಿನ ಬಗ್ಗೆ ಯಾರೂ ಮಾತಾಡಿಲ್ಲ, ಆದರೆ ನನ್ನ ಪ್ರಕಾರ ಊರಿಗಿಂತ ಅದೇ ದೊಡ್ಡದು. ನಮ್ಮಲ್ಲಿ ಅತಿ ಸೆಕೆ ಏಪ್ರಿಲ್‌ನಲ್ಲಿ. ಅಶ್ವಿನಿ ಮಳೆ ಕೈಕೊಟ್ಟ ವರ್ಷ ತೋಟದೊಳಗೂ ಎಲೆ ಜೋತುಬಿದ್ದಿರುತ್ತದೆ, ಬೆಟ್ಟದ ಹುಲ್ಲೆಲ್ಲ ಒಣಗಿ ಕಂದು. ಭರಣಿ ಮಳೆ ಏಪ್ರಿಲ್ ಕೊನೆಯಿಂದ ಮೇ ಹತ್ತರ ತನಕ. ‘ಭರಣಿ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಒಂದೆರಡು ಜೋರು ಮಳೆ ಬಿದ್ದರೆ ಸಾಕು, ಸಂಜೆ ಐದಕ್ಕೇ ಹವೆ ಬದಲಾಗುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಧಗೆ ಏರಿ, ಮೋಡ ಕಟ್ಟಿ, ಗುಡುಗಿ, ಒಂದು ಗಂಟೆ ಸುರಿದು ನಿಲ್ಲುತ್ತದೆ. ಅಂಗಳದ ಮಣ್ಣಿನಿಂದ ಹಬೆ ಏಳುತ್ತದೆ, ಹಂಚಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಫ್ಯಾನ್ ಹಾಕಿದವರು ಎದ್ದು ಆರಿಸುತ್ತಾರೆ. ರಾತ್ರಿ ಹೊದಿಕೆ ಬೇಕೇ ಬೇಕು. ಹಾಗಾಗಿ ರಜೆ ನಿಮ್ಮ ಕೈಯಲ್ಲಿದ್ದರೆ ಮೇ ಹತ್ತರಿಂದ ಇಪ್ಪತ್ತೈದರ ನಡುವೆ, ಕೃತ್ತಿಕೆ ಮಳೆಯ ಹೊತ್ತಿಗೆ ಬನ್ನಿ. ಬೆಟ್ಟ ಹಸಿರಾಗಿರುತ್ತದೆ, ಮುಂಗಾರಿನ ಜಡಿಮಳೆ ಇನ್ನೂ ಹಿಡಿದಿರುವುದಿಲ್ಲ. ಜೂನ್ ಹತ್ತಿರ ಬಂದರೆ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಇಂಬಳದ (ಜಿಗಣೆಯ) ಕಾಟ ಶುರು. ಶನಿವಾರ ಭಾನುವಾರ ಬಿಟ್ಟು ಸೋಮವಾರದಿಂದ ಗುರುವಾರ ಇಟ್ಟುಕೊಂಡರೆ ರಸ್ತೆಯ ಅರ್ಧ ತಲೆನೋವು ಕಡಿಮೆ.

ಊಟಿ ವಿಚಾರ. ಎತ್ತರ ಲೆಕ್ಕ ಹಾಕಿದರೆ ಊಟಿಗೆ ನಮ್ಮ ಊರುಗಳು ಸಾಟಿಯಲ್ಲ, ಅಲ್ಲಿ ಮೇ ತಿಂಗಳಲ್ಲೂ ನಿಜವಾದ ಚಳಿ. ಆದರೆ ಬಳ್ಳಾರಿಯಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರ ದಾಟಿ ಹೋಗಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ ತಿಂಗಳಿಂದ ಊಟಿಗೂ ಕೊಡೈಕೆನಾಲ್‌ಗೂ ಇ-ಪಾಸ್ ಬೇಕು, 2025ರ ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಅಂತ ಮಿತಿಯೂ ಬಂತು. ಹೋಗಲು ಒಂದೂವರೆ ದಿನ, ಬರಲು ಒಂದೂವರೆ ದಿನ ಕಳೆದರೆ ನಿಮ್ಮ ಅಪ್ಪನಿಗೆ ಉಳಿಯುವುದು ಎರಡು ದಿನ, ಅದೂ ಟ್ರಾಫಿಕ್‌ನಲ್ಲಿ. ಐದು ದಿನಕ್ಕೆ, ವಯಸ್ಸಾದವರ ಜೊತೆಗೆ, ಊಟಿ ಬೇಡ ಅಂತ ನನ್ನ ಅಭಿಪ್ರಾಯ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೂರು ರಾತ್ರಿ ಬಾಬಾಬುಡನ್‌ಗಿರಿ ಬುಡದ ಯಾವುದಾದರೂ ಅರೇಬಿಕಾ ತೋಟದ ಮನೆಯಲ್ಲಿ, ಕೊನೆಯ ಒಂದು ರಾತ್ರಿ ಕೆಮ್ಮಣ್ಣುಗುಂಡಿಯಲ್ಲಿ ಇಡುತ್ತಿದ್ದೆ. ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿ, ತರೀಕೆರೆ ಕಡೆ ಇಳಿದರೆ ನಿಮಗೆ ವಾಪಸ್ ದಾರಿಯೇ ಆಗುತ್ತದೆ.

ಕೆಮ್ಮಣ್ಣುಗುಂಡಿ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆಂದೇ ಮಾಡಿದ ಊರು ಅದೊಂದೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಜಾಗ, ಕೃಷ್ಣರಾಜೇಂದ್ರ ಗಿರಿಧಾಮ ಅನ್ನುವ ಹೆಸರು ಅವರಿಂದಲೇ. ಹೆಸರಿಗೆ ತಕ್ಕಂತೆ ಮಣ್ಣು ಕೆಂಪು. ಇಲ್ಲಿನ ಕಬ್ಬಿಣದ ಅದಿರು ಭದ್ರಾವತಿ ಕಾರ್ಖಾನೆಗೆ ಹೋಗುತ್ತಿತ್ತು. ಈಗ ತೋಟಗಾರಿಕೆ ಇಲಾಖೆಯ ಉಸ್ತುವಾರಿ, ಅತಿಥಿಗೃಹಗಳೂ ಅವರವೇ. ಕೋಣೆ ಕಡಿಮೆ, ಬೇಸಿಗೆ ರಜೆಯಲ್ಲಿ ಬೇಗ ತುಂಬುತ್ತವೆ, ಮೊದಲೇ ಕಾದಿರಿಸಿ. ಹೋಟೆಲಿನ ಸೌಕರ್ಯ ನಿರೀಕ್ಷಿಸಬೇಡಿ. ಊಟಕ್ಕೆ ಆಯ್ಕೆ ಇಲ್ಲ, ಅಪ್ಪನ ಮಾತ್ರೆ, ಮಕ್ಕಳ ತಿಂಡಿ ಕೆಳಗಿಂದಲೇ ಒಯ್ಯಬೇಕು. ಆದರೆ ಸಂಜೆ ಗುಲಾಬಿ ತೋಟದ ಕಲ್ಲುಬೆಂಚಿನ ಮೇಲೆ ಕೂತರೆ ಕೆಳಗಿನ ಬಯಲೆಲ್ಲ ಮಂಜಿನಲ್ಲಿ ಮುಳುಗುವುದು ಕಾಣುತ್ತದೆ. ಮಂಡಿ ನೋವಿನವರಿಗೆ ನಡೆಯದೆ ಇಷ್ಟು ಸಿಗುವ ಜಾಗ ನಮ್ಮ ಬೆಟ್ಟಗಳಲ್ಲಿ ಕಡಿಮೆ. ಝಡ್ ಪಾಯಿಂಟ್ ಅನ್ನುವ ವೀಕ್ಷಣಾ ಜಾಗಕ್ಕೆ ನೀವು ಮತ್ತು ಮಕ್ಕಳು ಮಾತ್ರ ಹೋಗಿ, ಕಾಲುದಾರಿ ಕಡಿದಾಗಿದೆ. ಹೆಬ್ಬೆ ಜಲಪಾತಕ್ಕೆ ನಿಮ್ಮ ಕಾರು ಹೋಗುವುದಿಲ್ಲ, ಜೀಪು ಹಿಡಿದು ಆಮೇಲೆ ನಡೆಯಬೇಕು. ಬೇಸಿಗೆಯಲ್ಲಿ ನೀರೂ ತೆಳ್ಳಗಿರುತ್ತದೆ, ಬಿಟ್ಟರೂ ನಷ್ಟವಿಲ್ಲ. ಅದರ ಬದಲು ಇಳಿಯುವಾಗ ದಾರಿಯಲ್ಲೇ ಸಿಗುವ ಕಲ್ಲತ್ತಿಗಿರಿಯ ವೀರಭದ್ರ ದೇವಸ್ಥಾನದ ಬಳಿ ನಿಲ್ಲಿಸಿ.

ಒಂದು ಎಚ್ಚರಿಕೆ. ಬಾಬಾಬುಡನ್‌ಗಿರಿ ಕಡೆಯಿಂದ ಬೆಟ್ಟದ ಮೇಲೆಯೇ ಕೆಮ್ಮಣ್ಣುಗುಂಡಿಗೆ ಒಂದು ದಾರಿಯನ್ನು ಮ್ಯಾಪ್ ತೋರಿಸುತ್ತದೆ. ಹತ್ತಿರ ಅಂತ ತುಂಬಿದ ಏಳು ಸೀಟಿನ ಕಾರನ್ನು ಅಲ್ಲಿಗೆ ಹಾಕಬೇಡಿ. ದೂರವಾದರೂ ಲಿಂಗದಹಳ್ಳಿ ಮೇಲೆಯೇ ಹತ್ತಿ.

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಹೋಗಲೇಬೇಕು, ಆದರೆ ಬೆಳಿಗ್ಗೆ ಬೇಗ. ವಾಹನಗಳಿಗೆ ಈಗ ಆನ್‌ಲೈನ್‌ನಲ್ಲಿ ಮುಂಗಡ ಬುಕಿಂಗ್ ವ್ಯವಸ್ಥೆ ಬಂದಿದೆ, ಬೆಳಿಗ್ಗೆ ಮಧ್ಯಾಹ್ನ ಅಂತ ಪಾಳಿ ಇದೆ. ಹೊರಡುವ ಮೊದಲು ನಿಯಮ ನೋಡಿಕೊಳ್ಳಿ, ಕೈಮರ ಚೆಕ್‌ಪೋಸ್ಟ್‌ನಲ್ಲಿ ವಾಪಸ್ ಕಳಿಸಿದರೆ ದಿನ ಹಾಳು. ಶಿಖರಕ್ಕೆ ಮೆಟ್ಟಿಲು ಬಹಳ. ಅಪ್ಪ ಅಮ್ಮನನ್ನು ಸೀತಾಳಯ್ಯನಗಿರಿಯಲ್ಲೇ ಕೂರಿಸಿ, ಅಲ್ಲೂ ಗಾಳಿ ಅಷ್ಟೇ ಚೆನ್ನಾಗಿದೆ.

ಬೇಲೂರು ಹಳೇಬೀಡು ಬಿಡಬೇಡಿ, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡುವವರು ಇನ್ನೂ ಹೆಚ್ಚಿದ್ದಾರೆ. ಬೇಲೂರು ಚಿಕ್ಕಮಗಳೂರಿನಿಂದ ಇಪ್ಪತ್ತೈದು ಕಿಲೋಮೀಟರ್ ಅಷ್ಟೇ. ಆದರೆ ಮಧ್ಯಾಹ್ನ ಹೋಗಬೇಡಿ. ಚಪ್ಪಲಿ ಬಿಟ್ಟು ಕಾಯ್ದ ಹಾಸುಗಲ್ಲಿನ ಮೇಲೆ ನಡೆಯಬೇಕು, ಮಕ್ಕಳು ನೆರಳಿನಿಂದ ನೆರಳಿಗೆ ಓಡುತ್ತಾರೆ, ಶಿಲ್ಪ ನೋಡುವುದು ಎಲ್ಲಿ ಬಂತು? ಬೆಳಿಗ್ಗೆ ಎಂಟಕ್ಕೆಲ್ಲ ತಲುಪಿ, ಎಲ್ಲರಿಗೂ ದಪ್ಪ ಕಾಲುಚೀಲ ಇರಲಿ.

ಶೃಂಗೇರಿ, ಹೊರನಾಡು ಕೂಡ ಸೇರಿಸಬೇಕು ಅಂತ ಅಮ್ಮ ಹೇಳಿದ್ದಾರೆ ಅಂತ ಬರೆದಿದ್ದೀರಿ. ದರ್ಶನಕ್ಕೆ ಹೋಗಿ, ತಂಪಿಗೆ ಅಲ್ಲ. ಶೃಂಗೇರಿ 700 ಮೀಟರಿಗಿಂತ ಕೆಳಗೆ, ಸುತ್ತ ಕಾಡಿದ್ದರೂ ಮೇ ತಿಂಗಳಲ್ಲಿ ಬೆವರು ಇಳಿಯುತ್ತದೆ. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿ ಇಳಿದರಂತೂ ಕರಾವಳಿಯ ಸೆಕೆಯೇ. ಬೇಕಿದ್ದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಘಾಟಿಯ ಮೇಲ್ಭಾಗದಲ್ಲಿ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಕಣಿವೆ ನೋಡಿಕೊಂಡು ಹಿಂತಿರುಗಿ.

ಈಗ ಗಾಡಿ ಓಡಿಸುವುದು. ಬಯಲಿನಲ್ಲಿ ಓಡಿಸಿ ರೂಢಿಯಾದವರು ಘಾಟಿ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟಿರುತ್ತಾರೆ. ಗಾಡಿ ತುಂಬ ಜನದ ಭಾರ, ಮೇಲೆ ಲಗೇಜು ಇದ್ದರೆ ಹತ್ತು ನಿಮಿಷಕ್ಕೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ಎರಡನೆಯದು ಸಾಮಾನ್ಯವಾಗಿ ಸರಿ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕ್ ತಿರುವಿಗೆ ಮುಂಚೆ ಮಾತ್ರ. ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್ ಅಥವಾ ಲೋ ಗೇರ್ ಹಾಕಿ, ಬರೀ ಡ್ರೈವ್ (ಡಿ) ಗೇರಿನಲ್ಲಿ ಬಿಡಬೇಡಿ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ಬಿಸಿ ಚಕ್ರಕ್ಕೆ ನೀರು ಹಾಕಬೇಡಿ. ಹತ್ತುವಾಗ ಎಂಜಿನ್ ಬಿಸಿಯ ಮುಳ್ಳು ಏರಿದರೆ ಎಸಿ ಆರಿಸಿ ಕಿಟಕಿ ತೆಗೆಯಿರಿ. ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲು ದಾರಿ, ಇಳಿಯುವವರು ಅಂಚಿಗೆ ನಿಲ್ಲಬೇಕು. ಮಂಜು ಕವಿದರೆ ಲೋ ಬೀಮ್ ಹಾಕಿ, ಹೈ ಬೀಮ್ ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಬೆಟ್ಟದ ಮೇಲೆ ಬಂಕ್ ಇಲ್ಲ, ಪೇಟೆಯಲ್ಲೇ ತುಂಬಿಸಿ.

ಸಂಜೆ ಆರರೊಳಗೆ ಉಳಿಯುವ ಜಾಗ ಸೇರಿಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ತೋಟಗಳಲ್ಲೇ ಓಡಾಡುತ್ತಿವೆ, ಪ್ರತಿ ವರ್ಷ ಜನರ ಜೀವ ಹೋಗುತ್ತಿದೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಎಲ್ಲಿ ಹಿಂಡಿದೆ ಅನ್ನುವುದು ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತದೆ, ಮನೆಯವರನ್ನು ಕೇಳದೆ ಮುಂಜಾನೆ ಕತ್ತಲಲ್ಲಿ ತೋಟಕ್ಕೆ ವಾಕಿಂಗ್ ಹೋಗಬೇಡಿ. ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಇಳಿದು ಫೋಟೋ ಬೇಡ.

ರೂಮು ಹಿಡಿಯುವಾಗ ದರಕ್ಕಿಂತ ಮೊದಲು ನಾಲ್ಕು ಮಾತು ಕೇಳಿಕೊಳ್ಳಿ. ಬೇಸಿಗೆಯಲ್ಲಿ ನೀರು ಎಲ್ಲಿಂದ ಬರುತ್ತದೆ, ಯಾಕೆಂದರೆ ಮೇ ಹೊತ್ತಿಗೆ ಎಷ್ಟೋ ಒರತೆ ಬತ್ತಿರುತ್ತವೆ. ಗುಡುಗು ಮಳೆಗೆ ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ. ಕೊನೆಯ ಎರಡು ಕಿಲೋಮೀಟರ್ ರಸ್ತೆಗೆ ನಿಮ್ಮ ಕಾರು ಬರುತ್ತದೋ, ಜೀಪು ಕಳಿಸುತ್ತಾರೋ. ಅಪ್ಪನಿಗೆ ಕೆಳಗಿನ ಕೋಣೆ, ಕೂರುವ ಕಮೋಡು ಇದೆಯೋ. ಮೇಲ್ಛಾವಣಿ ಬರೀ ತಗಡಿನದಾದರೆ ಬೇಡ ಅನ್ನಿ, ಹಗಲು ಕಾಯುತ್ತದೆ, ರಾತ್ರಿ ಮಳೆ ಸದ್ದಿಗೆ ನಿದ್ದೆ ಬರುವುದಿಲ್ಲ. ಹಂಚಿನ ಮನೆ ಸಿಕ್ಕರೆ ಬಿಡಬೇಡಿ.

ತಾರೀಖು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ಆ ವಾರ ಆಲ್ದೂರಿನ ಕಡೆ ಮಳೆ ಹೇಗಿದೆ, ರಸ್ತೆ ಹೇಗಿದೆ ಅಂತ ಹೊರಡುವ ಹಿಂದಿನ ದಿನ ತಿಳಿಸುತ್ತೇನೆ.